ನೂರು ಕಾರ್ಡುಗಳ ಹಿಂದಿನ ಮನುಷ್ಯ

‘ಚಿಹಾಯಾಫುರು’ ಅನಿಮೆ ನೋಡಿದವರಿಗೆ ಜಪಾನಿನ ಕರುತಾ ಆಟ ಗೊತ್ತಿರುತ್ತೆ. ನೋಡದವರಿಗೆ ಚಿಕ್ಕದಾಗಿ ಹೇಳ್ತೀನಿ. ನೂರು ಕವಿಗಳು, ಒಬ್ಬೊಬ್ಬರದು ಒಂದೊಂದು ಪದ್ಯ. ಪದ್ಯದ ಕೊನೆಯ ಭಾಗ ಮಾತ್ರ ಬರೆದಿರೋ ಕಾರ್ಡುಗಳನ್ನು ನೆಲದ ಮೇಲೆ ಜೋಡಿಸಿರ್ತಾರೆ. ಒಬ್ಬರು ಪದ್ಯವನ್ನು ಮೊದಲಿಂದ ಓದ್ತಾ ಹೋಗ್ತಾರೆ. ಅದು ಯಾವ ಪದ್ಯ ಅಂತ ಹೊಳೆದ ತಕ್ಷಣ ಎದುರಾಳಿಗಿಂತ ಮುಂಚೆ ಸರಿಯಾದ ಕಾರ್ಡಿಗೆ ಕೈ ಹಾಕಬೇಕು. ಸ್ಪರ್ಧೆಯಲ್ಲಿ ಇಬ್ಬರ ಮುಂದೆ ತಲಾ 25 ಕಾರ್ಡು, ಅವುಗಳ ಜಾಗ ನೆನಪಿಟ್ಟುಕೊಳ್ಳೋಕೆ 15 ನಿಮಿಷ.

ಹೊಸಬರು ಮೊದಲು ಕಲಿಯೋದು, ಪ್ರತಿ ಪದ್ಯವನ್ನು ಗುರುತಿಸೋಕೆ ಶುರುವಿನ ಎಷ್ಟು ಅಕ್ಷರ ಬೇಕು ಅನ್ನೋದನ್ನ. ಏಳು ಪದ್ಯಗಳಿಗೆ ಒಂದೇ ಅಕ್ಷರ ಸಾಕು, ಕೆಲವಕ್ಕೆ ಆರು ಬೇಕು. ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ‘ಟ್ರೈ’ ನೆನಪಾಗುತ್ತೆ.

ಈ ನೂರು ಪದ್ಯ ಆರಿಸಿದವನು ಅಂತ ಹೆಸರಾಗಿರೋದು ಫುಜಿವಾರಾ ನೊ ತೇಯ್ಕಾ. ಪಟ್ಟಿಯ ಒಳಗೆ ಯಾರು, ಹೊರಗೆ ಯಾರು ಅನ್ನೋ ಪ್ರಶ್ನೆ ಅವನನ್ನು ಜೀವನಪೂರ್ತಿ ಬಿಡಲಿಲ್ಲ.

ತೇಯ್ಕಾ ಹುಟ್ಟಿದ್ದು 1162ರಲ್ಲಿ. ಅಪ್ಪ ಶುನ್‌ಜೇಯ್ ಆ ಕಾಲದ ದೊಡ್ಡ ಕವಿ. ಮಗನಿಗೆ ಪ್ರತಿಭೆಯ ಜೊತೆ ಮೂಗಿನ ತುದಿಯಲ್ಲೇ ಕೋಪ. 1185ರಲ್ಲಿ ಅರಮನೆಯಲ್ಲಿ ಇನ್ನೊಬ್ಬ ಅಧಿಕಾರಿ ಕೆಣಕಿದ ಅಂತ ದೀವಟಿಗೆಯಿಂದ ಹೊಡೆದೇಬಿಟ್ಟ. ಆಸ್ಥಾನದಿಂದ ಹೊರಗೆ! ಅಪ್ಪ ಪದ್ಯ ಬರೆದು ಬೇಡಿಕೊಂಡ ಮೇಲೆ ಮರುವರ್ಷ ವಾಪಸ್ ಬಂದ.

1200ರಲ್ಲಿ, ಪಟ್ಟ ಬಿಟ್ಟ ಚಕ್ರವರ್ತಿ ಗೋ-ತೋಬಾ ಆಯ್ದ ಕವಿಗಳಿಂದ ನೂರು ನೂರು ಪದ್ಯ ಕೇಳಿದ. ಪಟ್ಟಿಯಲ್ಲಿ ತೇಯ್ಕಾ ಹೆಸರಿಲ್ಲ. ಮತ್ತೆ ಅಪ್ಪನೇ ಪತ್ರ ಬರೆದು ಮಗನನ್ನು ಸೇರಿಸಿದ. ತೇಯ್ಕಾನ ಪದ್ಯಗಳನ್ನು ಓದಿ ಗೋ-ತೋಬಾ ಮೆಚ್ಚಿದ. 1205ರ ‘ಶಿನ್ ಕೊಕಿನ್‌ಶೂ’ ಸಂಕಲನದ ಸಂಪಾದಕರಲ್ಲಿ ತೇಯ್ಕಾ ಕೂಡ ಒಬ್ಬ. ಆದರೆ ಇಬ್ಬರೂ ಹಠಮಾರಿಗಳು, ಕಾವ್ಯದ ವಿಷಯದಲ್ಲಿ ಇಬ್ಬರೂ ಬಗ್ಗೋರಲ್ಲ. 1220ರಲ್ಲಿ ತೇಯ್ಕಾ ಬರೆದ ಒಂದು ಪದ್ಯ ಗೋ-ತೋಬಾನನ್ನು ಕೆರಳಿಸಿತು. ಮತ್ತೆ ಹೊರಗೆ. ಈ ಸಲ ಶಿಫಾರಸು ಮಾಡೋಕೆ ಅಪ್ಪ ಇರಲಿಲ್ಲ.

ಮುಂದಿನ ವರ್ಷವೇ ಎಲ್ಲ ತಿರುಗುಮುರುಗಾಯ್ತು. ಗೋ-ತೋಬಾ ಕಾಮಾಕುರದ ಸೇನಾ ಸರ್ಕಾರದ ವಿರುದ್ಧ ಯುದ್ಧ ಮಾಡಿ ಸೋತ. ಅವನನ್ನು ಓಕಿ ದ್ವೀಪಕ್ಕೆ ಗಡೀಪಾರು ಮಾಡಿದರು. 1239ರಲ್ಲಿ ಸತ್ತಿದ್ದೂ ಅಲ್ಲೇ. ಇತ್ತ ತೇಯ್ಕಾ ಮೇಲೇರಿದ. 1232ರಲ್ಲಿ ಹೊಸ ರಾಜಸಂಕಲನದ ಕೆಲಸ ಅವನೊಬ್ಬನಿಗೇ ಸಿಕ್ಕಿತು. 1235ರಲ್ಲಿ ಅದು ಮುಗಿದಾಗ ಅದರಲ್ಲಿ ಗೋ-ತೋಬಾನ ಒಂದು ಪದ್ಯವೂ ಇರಲಿಲ್ಲ. ಅಧಿಕಾರದಲ್ಲಿದ್ದವರಿಗೆ ಅದು ಬೇಡವಾಗಿತ್ತು.

ತೇಯ್ಕಾ ಐವತ್ತಕ್ಕೂ ಹೆಚ್ಚು ವರ್ಷಗಳ ಕಾಲದ ದಿನಚರಿ ಬಿಟ್ಟುಹೋಗಿದ್ದಾನೆ. ಹಳೆಯ ದಾಖಲೆಗಳಿಂದ ಅವನು ಅದರಲ್ಲಿ ಸೇರಿಸಿದ 1054ರ ಹೊಸ ನಕ್ಷತ್ರದ ವಿವರವನ್ನು ಖಗೋಳ ವಿಜ್ಞಾನಿಗಳು ಇವತ್ತಿಗೂ ಬಳಸ್ತಾರೆ. ಆ ಸೂಪರ್‌ನೋವಾದ ಅವಶೇಷವೇ ಕ್ರ್ಯಾಬ್ ನೆಬ್ಯುಲಾ. ಅದೇ ದಿನಚರಿಯಲ್ಲಿ 1235ರ ಇನ್ನೊಂದು ಸಣ್ಣ ವಿಷಯವಿದೆ. ಮಗನ ಮಾವ ತನ್ನ ಮನೆಯ ಜಾರುಬಾಗಿಲುಗಳ ಅಲಂಕಾರಕ್ಕೆ ಪದ್ಯಗಳನ್ನು ಬರೆದುಕೊಡು ಅಂತ ಕೇಳಿದ್ದ. ತನ್ನ ಅಕ್ಷರ ಚೆನ್ನಾಗಿಲ್ಲ ಅಂತ ಗೊಣಗುತ್ತಲೇ ತೇಯ್ಕಾ ಬರೆದುಕೊಟ್ಟ. ನೂರು ಪದ್ಯಗಳ ಮೂಲ ಅದೇ ಅಂತ ಹೇಳ್ತಾರೆ. ತೇಯ್ಕಾ 1241ರಲ್ಲಿ ತೀರಿಕೊಂಡ. ಪೋರ್ಚುಗೀಸರ ಜೊತೆ ಇಸ್ಪೀಟು ಜಪಾನಿಗೆ ಬಂದಿದ್ದು, ‘ಕಾರ್ತಾ’ ಹೋಗಿ ‘ಕರುತಾ’ ಆಗಿದ್ದು, ಅದಾಗಿ ಮುನ್ನೂರು ವರ್ಷಗಳ ಮೇಲೆ.

ಈಗ ಕಾರ್ಡಿನ ಕಟ್ಟು ಬಿಚ್ಚಿ ನೋಡಿ. 97ನೇ ಪದ್ಯ ತೇಯ್ಕಾನದು, ಬಾರದವರಿಗಾಗಿ ಕಾಯೋದರ ಬಗ್ಗೆ. 99ನೇದು ಗೋ-ತೋಬಾನದು! ತೇಯ್ಕಾನದೇ ಇನ್ನೊಂದು ಆಯ್ಕೆಯಲ್ಲಿ ಹೆಚ್ಚುಕಮ್ಮಿ ಇವೇ ಪದ್ಯಗಳಿವೆ, ಆದರೆ ಗೋ-ತೋಬಾ ಇಲ್ಲ. ಹಾಗಾಗಿ 99ನ್ನು ಸೇರಿಸಿದ್ದು ತೇಯ್ಕಾನೋ, ಆಮೇಲೆ ಬಂದ ಬೇರೆ ಯಾರಾದರೂನೋ ಅಂತ ವಿದ್ವಾಂಸರಲ್ಲಿ ಚರ್ಚೆ ಇದೆ.

ಆಟ ಕಲಿಯೋರು ಈ ಎರಡನ್ನೂ ಒಟ್ಟಿಗೇ ಕಲೀರಿ. ತೇಯ್ಕಾನನ್ನು ಗುರುತಿಸೋಕೆ ಎರಡು ಅಕ್ಷರ ಸಾಕು, ಗೋ-ತೋಬಾನಿಗೆ ಮೂರು ಬೇಕು. ಕೊನೆಗೂ ಇಬ್ಬರೂ ಒಂದೇ ಪಟ್ಟಿಯಲ್ಲಿ ಉಳಿದಿದ್ದಾರೆ.