ಕಡ್ಡಿ ಗೀರದೆ ಬೆಂಕಿ ಹಚ್ಚಿದ ಡೀಸೆಲ್



ನಮ್ಮ ನಂದೂರಿನ ಹೊಲದಾಗಿನ ಟ್ರ್ಯಾಕ್ಟರಿಗೆ, ತೊಗರಿ ರಾಶಿ ಮಾಡೋ ಮಷೀನಿಗೆ, ಕಲಬುರಗಿಗೆ ಹೋಗೋ ಲಾರಿಗೆ ಡೀಸೆಲ್ ಹಾಕೋದನ್ನ ದಿನಾ ನೋಡ್ತೀವಿ. ಆದರೆ ಡೀಸೆಲ್ ಅನ್ನೋದು ಮೊದಲು ಎಣ್ಣೆಯ ಹೆಸರಲ್ಲ, ಒಬ್ಬ ಮನುಷ್ಯನ ಹೆಸರು ಅಂತ ಎಷ್ಟು ಮಂದಿಗೆ ಗೊತ್ತು?

ರುಡಾಲ್ಫ್ ಡೀಸೆಲ್ ಅವರು 1858ರ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ-ತಾಯಿ ಜರ್ಮನ್ನರು. ತಂದೆ ಚರ್ಮದ ಸಾಮಾನು ತಯಾರಿಸಿ ಸಂಸಾರ ಸಾಗಿಸುತ್ತಿದ್ದರು. 1870ರಲ್ಲಿ ಫ್ರಾನ್ಸಿಗೂ ಜರ್ಮನ್ನರಿಗೂ ಯುದ್ಧ ಹತ್ತಿತು. ಮನೆಮಂದಿಯೆಲ್ಲ ಊರು ಬಿಟ್ಟು ಲಂಡನ್ನಿಗೆ ಹೋದರು. 12 ವರ್ಷದ ಬಾಲಕನನ್ನು ಓದಲಿಕ್ಕೆಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿದ್ದ ಸಂಬಂಧಿಕರ ಮನೆಗೆ ಕಳಿಸಿದರು. ಅಲ್ಲಿ ಕಷ್ಟಪಟ್ಟು ಓದಿ, 1880ರಲ್ಲಿ ಮ್ಯೂನಿಕ್‌ನಲ್ಲಿ ಎಂಜಿನಿಯರಿಂಗ್ ಮುಗಿಸಿದರು.

ಆಗ ಗಿರಣಿ, ರೈಲು ಎಲ್ಲಾ ಉಗಿಯಂತ್ರದಿಂದ ನಡೀತಿದ್ದವು. ಕಲ್ಲಿದ್ದಲು ಸುಟ್ಟ ಶಾಖದಲ್ಲಿ 100ಕ್ಕೆ ಸುಮಾರು 10 ಪಾಲು ಮಾತ್ರ ಕೆಲಸಕ್ಕೆ ಬರ್ತಿತ್ತು, ಉಳಿದದ್ದು ಪೋಲು. ಅಂಥ ಯಂತ್ರ ದೊಡ್ಡ ಸಾಹುಕಾರರಿಗೇ ನಿಲುಕುವಂಥದ್ದು. ಸಣ್ಣ ಕಸುಬಿನವರಿಗೂ ಸಿಗುವ ಎಂಜಿನ್ ಮಾಡಬೇಕೆಂದು ಡೀಸೆಲ್ ಅವರು ಹಟ ತೊಟ್ಟರು.

ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡ್ರಿ, ಬಿಸಿ ಆಗಿರ್ತದ. ಗಾಳಿಯನ್ನು ಒತ್ತಿದರೆ ಕಾಯ್ತದ. ಇದೇ ಅವರ ಎಂಜಿನ್ನಿನ ಗುಟ್ಟು. ಮುಚ್ಚಿದ ಸಿಲಿಂಡರಿನೊಳಗೆ 15-20 ಪಾಲು ಜಾಗದ ಗಾಳಿಯನ್ನು ಪಿಸ್ಟನ್ 1 ಪಾಲು ಜಾಗಕ್ಕೆ ಒತ್ತಿದರೆ ಅದರ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟ್ತದ. ಆಗ ಎಣ್ಣೆ ಚಿಮುಕಿಸಿದರೆ ಕಡ್ಡಿ ಗೀರೋದೇ ಬ್ಯಾಡ, ತಾನೇ ಹೊತ್ತಿಕೊಳ್ತದ. ಉರಿದ ಅನಿಲಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ಅದು ಹಿಗ್ಗಿ ಪಿಸ್ಟನ್ನನ್ನು ಜೋರಾಗಿ ತಳ್ಳುತ್ತದೆ, ಗಾಲಿ ತಿರುಗುತ್ತದೆ.

ಹೇಳಿದಷ್ಟು ಸುಲಭ ಇರಲಿಲ್ಲ. 1893ರ ಆಗಸ್ಟ್ 10ರಂದು ಆಗ್ಸ್‌ಬರ್ಗ್‌ನಲ್ಲಿ ಮೊದಲ ಪರೀಕ್ಷೆ ನಡೆಯಿತು. ಒತ್ತಡ ಅಳೆಯುವ ಉಪಕರಣ ಸಿಡಿದು ಚೂರುಚೂರಾಯಿತು. ಡೀಸೆಲ್ ಅವರು ಸ್ವಲ್ಪದರಲ್ಲಿ ಪಾರಾದರು. ಬೇರೆಯವರಾಗಿದ್ರೆ ಅಲ್ಲಿಗೇ ಕೈ ಬಿಡ್ತಿದ್ರು. ಆದರೆ ಕಿಡಿ ಇಲ್ಲದೆ ಬೆಂಕಿ ಹೊತ್ತಿದ್ದೇ ಅವರಿಗೆ ಧೈರ್ಯ ಕೊಟ್ಟಿತು. ಮತ್ತೆ ಮತ್ತೆ ತಿದ್ದಿದರು. 1897ರಲ್ಲಿ ಅವರ ಎಂಜಿನ್ 100ಕ್ಕೆ 26 ಪಾಲು ಶಾಖವನ್ನು ಕೆಲಸಕ್ಕೆ ಹಚ್ಚಿತು!

ಇನ್ನೊಂದು ಸೋಜಿಗ ಕೇಳ್ರಿ. 1900ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಿಂದ ಓಡಿತು. ನಮ್ಮ ಕಡೆ ಬೆಳೆಯುವ ಅದೇ ಶೇಂಗಾ! ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಂಗೆ ಎಣ್ಣೆಯಿಂದಲೂ ಇಂಥ ಎಂಜಿನ್ ಓಡಿಸಿ ತೋರಿಸಿದರು.

ಡೀಸೆಲ್ ಅವರಿಗೆ ಹೆಸರು ಬಂತು, ಹಣವೂ ಬಂತು. ಆದರೆ ವ್ಯವಹಾರದಲ್ಲಿ ಕಳಕೊಂಡು ಸಾಲಗಾರರಾದರು. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಾಣೆಯಾದರು. ಕೆಲವು ದಿನಗಳ ಮೇಲೆ ಸಮುದ್ರದಲ್ಲಿ ಶವ ಸಿಕ್ಕಿತು. ಆಗ ಅವರಿಗೆ 55 ವರ್ಷ.

ಗೆಳೆಯರೇ, ಮುಚ್ಚಿದ ಜಾಗದ ಬೆಂಕಿಗೆ ಭಾರೀ ಶಕ್ತಿ. ಅದಕ್ಕೇ ಮುಚ್ಚಿದ ಡಬ್ಬಿ, ಸೆಂಟಿನ ಬಾಟ್ಲಿ ಎಂದೂ ಬೆಂಕಿಯೊಳಗೆ ಒಗೀಬ್ಯಾಡ್ರಿ, ಸಿಡೀತಾವ. ಅದೇ ಶಕ್ತಿಯನ್ನು ಡೀಸೆಲ್ ಅವರು ಪಳಗಿಸಿ ದುಡಿಯಲು ಹಚ್ಚಿದರು. ಆದರೂ ಇವತ್ತಿನ ಟ್ರ್ಯಾಕ್ಟರಿನಲ್ಲೂ ಅರ್ಧಕ್ಕಿಂತ ಹೆಚ್ಚು ಶಾಖ ಪೋಲಾಗ್ತದ, ಹೊಗೆಯೂ ಬರ್ತದ. ಅದನ್ನು ಸರಿಮಾಡುವ ಕೆಲಸ ಇನ್ನೂ ಉಳಿದದ. ನಮ್ಮ ಶಾಲೆಯವರೇ ಯಾಕೆ ಮಾಡಬಾರದು?