ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು

ಹೆರಿಗೆ ಕಷ್ಟವಾದರೆ ಬೆಂಗಳೂರಿನ ವಾಣಿವಿಲಾಸಕ್ಕೆ ಕರ್ಕೊಂಡು ಹೋಗಬೇಕು ಅಂತ ದೊಡ್ಡವರು ಹೇಳುವುದನ್ನು ನೀವೆಲ್ಲ ಕೇಳಿರುತ್ತೀರಿ. ಆ ವಾಣಿವಿಲಾಸ ಅಂದರೆ ಯಾರು ಅಂತ ಕೇಳಿದರೆ ಮಾತ್ರ ಬಹಳ ಜನ ಸುಮ್ಮನಾಗುತ್ತೇವೆ. ಅವರೇ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು.

ಅವರು ಹುಟ್ಟಿದ್ದು 1866ರಲ್ಲಿ, ಕಳಲೆ ಅರಸು ಮನೆತನದಲ್ಲಿ. 1878ರಲ್ಲಿ ಚಾಮರಾಜೇಂದ್ರ ಒಡೆಯರ ಜೊತೆ ಮದುವೆಯಾಯಿತು. ಆಗ ಅವರಿಗೆ ನಮ್ಮ ಏಳನೇ ಕ್ಲಾಸಿನ ಹುಡುಗಿಯರ ವಯಸ್ಸು! 1894ರ ಡಿಸೆಂಬರಿನಲ್ಲಿ ಕಲ್ಕತ್ತಕ್ಕೆ ಹೋದ ಮಹಾರಾಜರು ಗಂಟಲಮಾರಿ ರೋಗ ಬಂದು ಅಲ್ಲೇ ತೀರಿಕೊಂಡರು. ಹಿರಿಯ ಮಗ ಕೃಷ್ಣರಾಜ ಒಡೆಯರಿಗೆ ಇನ್ನೂ 10 ವರ್ಷ. ಹಾಗಾಗಿ ಮಗ ಪ್ರಾಯಕ್ಕೆ ಬರುವ ತನಕ ರಾಜ್ಯಭಾರದ ಹೊರೆ ತಾಯಿಯ ಮೇಲೆ ಬಿತ್ತು. ಇದಕ್ಕೆ ರೀಜೆಂಟ್ ಅನ್ನುತ್ತಾರೆ. ಗಂಡ ಹೋದ ದುಃಖ ಒಂದು ಕಡೆ, ಮೇಲಿಂದ ಬ್ರಿಟಿಷರ ಕಣ್ಣು ಇನ್ನೊಂದು ಕಡೆ. 1897ರಲ್ಲಿ ಅರಮನೆಗೂ ಬೆಂಕಿ ಬಿತ್ತು.

ಇಷ್ಟು ಸಾಲದು ಅಂತ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಮದುವೆ ಬಟ್ಟೆ ತರಲು ಚಿಕ್ಕಪೇಟೆ, ನಗರ್ತಪೇಟೆ ಕಡೆ ಹೋದವರಿಗೆ ಅಲ್ಲಿನ ಗಲ್ಲಿಗಳು ಗೊತ್ತು. ನಗರ್ತ ವ್ಯಾಪಾರಿಗಳ ಹಳೇ ಪೇಟೆ ಅದು. ಗೋಡೆಗೆ ಗೋಡೆ ಅಂಟಿದ ಮನೆಗಳು, ಗಾಳಿ ಬೆಳಕು ಕಮ್ಮಿ. ಇಂಥ ಕಡೆ ಇಲಿಗಳಿಗೆ ಹಬ್ಬ. ಮನೆಯಲ್ಲಿ ಇಲಿ ಬಿದ್ದರೆ ಸಾಕು, ಜನ ಬೀಗ ಹಾಕಿ ಊರಾಚೆ ಜೋಪಡಿ ಹಾಕಿಕೊಳ್ಳುತ್ತಿದ್ದರು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಅಂತ ಒಬ್ಬ ವಿಜ್ಞಾನಿ ಹೇಳಿದ್ದೂ ಅದೇ ವರ್ಷ. ಸಾಮಾನ್ಯ ಜನಕ್ಕೆ ಅದೆಲ್ಲಿಂದ ಗೊತ್ತಾಗಬೇಕು? ಮನೆ ತಪಾಸಣೆಗೆ ಬಂದವರನ್ನು ಕಂಡರೇ ಭಯ.

ಆಗ ಸರ್ಕಾರ ಮಾಡಿದ ಕೆಲಸ ನೋಡಿ. ಊರನ್ನು 4 ವಾರ್ಡುಗಳಾಗಿ ಹಂಚಿತು. ಹೊಣೆ ಹೊರಲು ಒಬ್ಬ ಆರೋಗ್ಯಾಧಿಕಾರಿಯನ್ನು ನೇಮಿಸಿತು. ಸುದ್ದಿ ಬೇಗ ಮುಟ್ಟಲಿ ಅಂತ ಟೆಲಿಫೋನ್ ತಂತಿ ಎಳೆಸಿತು. ಹೊಸ ಮನೆ ಕಟ್ಟಲು ನೈರ್ಮಲ್ಯದ ನಿಯಮ ತಂತು. ಬಸವನಗುಡಿ, ಮಲ್ಲೇಶ್ವರದಂಥ ಅಗಲ ರಸ್ತೆಯ ಬಡಾವಣೆಗಳು ಬೆಳೆದದ್ದೂ ಆ ಕಾಲದಲ್ಲೇ. ಒಂದು ವಾರ್ಡಿನ ಹೆಡ್ ನರ್ಸಮ್ಮ ಮಾಡುವುದೂ ಇದನ್ನೇ ಅಲ್ಲವೇ? ಯಾವ ಕೆಲಸ ಯಾರದ್ದು, ಕೇಳಿದರೆ ಉತ್ತರ ಕೊಡುವವರು ಯಾರು, ರೋಗಿಗೆ ಜಾಸ್ತಿಯಾದರೆ ಸುದ್ದಿ ಯಾರಿಗೆ ಹೋಗಬೇಕು ಅಂತ ಮೊದಲೇ ಗೊತ್ತುಮಾಡುತ್ತಾರೆ. 1854ರಲ್ಲಿ 38 ಜನ ದಾದಿಯರ ಜೊತೆ ಟರ್ಕಿಯ ಯುದ್ಧದ ಆಸ್ಪತ್ರೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲ್ ಕೂಡ, ಗುಂಡೇಟಿಗಿಂತ ಕೊಳಕಿನ ರೋಗಗಳಿಂದಲೇ ಹೆಚ್ಚು ಸೈನಿಕರು ಸಾಯುವುದನ್ನು ಕಂಡು, ಶುಚಿತ್ವ, ಅಡುಗೆಮನೆ, ಲೆಕ್ಕಪತ್ರ ಎಲ್ಲವನ್ನೂ ಸರಿಮಾಡಲು ನಿಂತಿದ್ದರು.

ಇದೆಲ್ಲ ಮಹಾರಾಣಿಯವರೊಬ್ಬರೇ ಮಾಡಿದ್ದಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಕೌನ್ಸಿಲಿನವರು ಇದ್ದರು. ಆದರೆ ಬಲ್ಲವರ ಕೈಗೆ ಕೆಲಸ ಕೊಟ್ಟು ಅವರ ಬೆನ್ನಿಗೆ ನಿಲ್ಲುವುದೂ ಸಣ್ಣ ಮಾತಲ್ಲ ಅಂತ ನನಗನ್ನಿಸುತ್ತೆ. ಪ್ಲೇಗು ಒಂದೇ ಸಲಕ್ಕೆ ತೊಲಗಲಿಲ್ಲ, ಮುಂದೆಯೂ ಮರುಕಳಿಸುತ್ತಿತ್ತು.

ವಿಕ್ಟೋರಿಯಾ ಆಸ್ಪತ್ರೆಗೆ ಪ್ಲೇಗು ಬರುವ ಮುಂಚೆಯೇ, 1897ರ ಜೂನ್ 22ರಂದು ಅಸ್ತಿಭಾರ ಬಿದ್ದಿತ್ತು. ಆ ಗಲಾಟೆಯಲ್ಲೂ ಕಟ್ಟಡದ ಕೆಲಸ ಮುಗಿದು, 1900ರ ಡಿಸೆಂಬರ್ 8ರಂದು ಲಾರ್ಡ್ ಕರ್ಜನ್ ಅದನ್ನು ಉದ್ಘಾಟಿಸಿದರು. ನಗರ್ತಪೇಟೆಯಿಂದ ನಡೆದೇ ಹೋಗಬಹುದು. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು ಶುರುವಾದದ್ದೂ ಇವರ ಆಡಳಿತದಲ್ಲೇ, ಅದಕ್ಕೇ ಅದು ವಾಣಿವಿಲಾಸ ಸಾಗರ.

1902ರ ಆಗಸ್ಟ್ 8ರಂದು, ಮಗನಿಗೆ 18 ತುಂಬಿದ ಮೇಲೆ, ರಾಜ್ಯವನ್ನು ಅವರಿಗೆ ಒಪ್ಪಿಸಿ ಪಕ್ಕಕ್ಕೆ ಸರಿದರು. 1934ರಲ್ಲಿ ತೀರಿಕೊಂಡರು. ಮರುವರ್ಷ ವಿಕ್ಟೋರಿಯಾದ ಪಕ್ಕದಲ್ಲೇ ಹೆಂಗಸರು ಮಕ್ಕಳಿಗಾಗಿ ಅವರ ಹೆಸರಿನ ಆಸ್ಪತ್ರೆ ಬಾಗಿಲು ತೆರೆಯಿತು.