ಯುರೇಕಾದ ಬಂಡಾಯಗಾರ ಪೀಟರ್ ಲಾಲರ್

ಆಸ್ಟ್ರೇಲಿಯದ ಚಿನ್ನದ ಗಣಿಗಾರರಿಗೆ ಮತದ ಹಕ್ಕು ದೊರಕಿಸಲು ಒಂದು ಕೈಯನ್ನೇ ಕಳೆದುಕೊಂಡ ಪೀಟರ್ ಲಾಲರ್, ಅದೇ ಮತದ ವಿಷಯದಲ್ಲಿ ಅವರ ವಿಶ್ವಾಸವನ್ನೂ ಕಳೆದುಕೊಂಡರು.

1827ರಲ್ಲಿ ಐರ್ಲೆಂಡ್‌ನಲ್ಲಿ ಜನಿಸಿದ ಲಾಲರ್, 1852ರಲ್ಲಿ ಬ್ರಿಟಿಷ್ ವಸಾಹತಾಗಿದ್ದ ವಿಕ್ಟೋರಿಯಕ್ಕೆ ಬಂದರು. ಬಲರಾಟ್‌ನ ಗಣಿಗಾರರು ಪ್ರತಿ ತಿಂಗಳೂ ಪರವಾನಗಿ ಶುಲ್ಕ ತೆರಬೇಕಿತ್ತು. ಮತ ಚಲಾಯಿಸುವ ಹಕ್ಕು ಮಾತ್ರ ಇರಲಿಲ್ಲ. 1854ರಲ್ಲಿ ಅವರು ಬಂಡೆದ್ದು ಲಾಲರ್ ಅವರನ್ನು ನಾಯಕನನ್ನಾಗಿ ಆರಿಸಿದರು. ಡಿಸೆಂಬರ್ 3ರ ನಸುಕಿನಲ್ಲಿ ಸೈನಿಕರು ಯುರೇಕಾದ ಮರದ ತಡೆಗೋಡೆಯ ಮೇಲೆ ಎರಗಿದರು. 20ಕ್ಕೂ ಹೆಚ್ಚು ಗಣಿಗಾರರು ಸತ್ತರು. ಗುಂಡೇಟು ತಿಂದ ಲಾಲರ್ ಎಡಗೈ ಕತ್ತರಿಸಬೇಕಾಯಿತು. ಸರಕಾರ ಅವರ ತಲೆಗೆ ಬಹುಮಾನ ಘೋಷಿಸಿತು.

ಆದರೆ ಹೋರಾಟ ವ್ಯರ್ಥವಾಗಲಿಲ್ಲ. 1855ರಲ್ಲಿ ಪರವಾನಗಿ ಪದ್ಧತಿ ರದ್ದಾಯಿತು, ಗಣಿಗಾರರಿಗೆ ಮತ ದಕ್ಕಿತು. ತಲೆಮರೆಸಿಕೊಂಡಿದ್ದ ಲಾಲರ್ ಅದೇ ವರ್ಷ ಶಾಸಕರಾದರು. 1856ರಲ್ಲಿ ಹೊಸ ಶಾಸನಸಭೆಗೆ ನಾರ್ತ್ ಗ್ರೆನ್‌ವಿಲ್ ಎಂಬ ಗಣಿನಾಡಿನ ಕ್ಷೇತ್ರದಿಂದ ಆಯ್ಕೆಯಾದರು. ಅಲ್ಲಿ ಅವರು ಆಸ್ತಿವಂತರಿಗೆ ಒಂದಕ್ಕಿಂತ ಹೆಚ್ಚು ಮತ ನೀಡುವ ಮಸೂದೆಯನ್ನು ಬೆಂಬಲಿಸಿದಾಗ ಗಣಿಗಾರರು ಕೆರಳಿದರು.

1859ರಲ್ಲಿ ಕ್ಷೇತ್ರವೇ ರದ್ದಾಯಿತು. ಲಾಲರ್ ಸೌತ್ ಗ್ರಾಂಟ್‌ಗೆ ತೆರಳಿ ಗೆದ್ದರು. 1880ರಿಂದ 1887ರವರೆಗೆ ಸಭಾಧ್ಯಕ್ಷರಾಗಿದ್ದು, 1889ರಲ್ಲಿ ನಿಧನರಾದರು. ಮುಂದೆ ಪ್ರಧಾನಿಯಾದ ಜೂಲಿಯಾ ಗಿಲಾರ್ಡ್ ಸಂಸತ್ತಿಗೆ ಆಯ್ಕೆಯಾಗಿದ್ದು ಲಾಲರ್ ಹೆಸರಿನ ಕ್ಷೇತ್ರದಿಂದಲೇ.